ಇಂಗ್ಲೆಂಡಿನ ನರ್ಸರಿಯಲ್ಲಿ ಒಂಬತ್ತು ಜನರಿಗೆ ಕ್ರಿಸ್‌ಮಸ್ ಉಡುಗೊರೆ: 30 ಪೌಂಡ್ ಸಾಕಾಗುತ್ತಾ?

ಧಾರಾಳವಾಗಿ ಸಾಕಾಗುತ್ತದೆ. ಇಂಗ್ಲೆಂಡಿಗೆ ಬಂದು ಇನ್ನೂ ಆರು ತಿಂಗಳು, ಮಗನ ನರ್ಸರಿ ಫೀಸಿಗೇ ಸಂಬಳದ ದೊಡ್ಡ ಪಾಲು ಹೋಗುತ್ತಿದೆ, ಅಲ್ಲಿ ಕೆಲಸ ಮಾಡುವ ಒಂಬತ್ತು ಜನರಲ್ಲಿ ಯಾರಿಗೆ ಕೊಡಬೇಕು ಯಾರಿಗೆ ಬಿಡಬೇಕು ಗೊತ್ತಾಗುತ್ತಿಲ್ಲ ಅಂತ ಬರೆದಿದ್ದೀರಿ. ನಾನೂ ಮೂರು ಕ್ರಿಸ್‌ಮಸ್ ಹೀಗೇ ಲೆಕ್ಕ ಹಾಕಿದವಳು. ನನ್ನ ಮಗಳು ಒಂದು ವರ್ಷ ತುಂಬುವ ಮುಂಚೆಯೇ ನರ್ಸರಿ ಸೇರಿದಳು, ಈಗ ಸ್ಕೂಲಿಗೆ ಹೋಗುತ್ತಾಳೆ.

ಮೊದಲಿಗೆ, ಕೊಡದಿದ್ದರೆ ಮಗನನ್ನು ಬೇರೆ ಥರ ನೋಡುತ್ತಾರೇನೋ ಅನ್ನೋ ಭಯ ಬೇಡ. ಎಷ್ಟೋ ಅಪ್ಪ ಅಮ್ಮಂದಿರು ಬರೀ "ಮೆರ್ರಿ ಕ್ರಿಸ್‌ಮಸ್" ಹೇಳಿ ಹೋಗುತ್ತಾರೆ. ಯಾರೂ ಏನೂ ಅಂದುಕೊಳ್ಳುವುದಿಲ್ಲ.

ನಾನು ಕೊಡುತ್ತಿದ್ದದ್ದು ಆ ಕೆಲಸ ಎಷ್ಟು ಕಷ್ಟ ಅಂತ ನೋಡಿದ್ದಕ್ಕೆ. ಇಂಗ್ಲೆಂಡಿನಲ್ಲಿ ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು ಇರಬೇಕು ಅನ್ನೋದು ನಿಯಮ. ಎರಡು ತುಂಬಿದ ಮಕ್ಕಳಿಗೆ ಮೊದಲು ನಾಲ್ವರಿಗೆ ಒಬ್ಬರಿದ್ದರು. 2023ರ ಸೆಪ್ಟೆಂಬರ್‌ನಿಂದ ಐವರಿಗೆ ಒಬ್ಬರು ಸಾಕು ಅಂತಾಯಿತು. ಎರಡು ವರ್ಷದ ಐದು ಮಕ್ಕಳು! ನಮ್ಮ ಮನೆಯಲ್ಲಿ ಒಂದಕ್ಕೇ ನಾವಿಬ್ಬರು ಸಾಲುತ್ತಿರಲಿಲ್ಲ. ಸಂಬಳವೂ ಅಷ್ಟಕ್ಕಷ್ಟೇ. 2025ರ ಏಪ್ರಿಲ್‌ನಲ್ಲಿ 21 ತುಂಬಿದವರ ಕನಿಷ್ಠ ವೇತನ ಗಂಟೆಗೆ 12.21 ಪೌಂಡ್ ಆಯಿತು. ನರ್ಸರಿಯಲ್ಲಿ ಎಷ್ಟೋ ಜನ ಅದರ ಆಸುಪಾಸಿನಲ್ಲೇ ದುಡಿಯುತ್ತಾರೆ.

ಏನು ಕೊಡಬೇಕು ಅಂತ ನನಗೆ ಹೊಳೆದದ್ದು ಒಂದು ಸಂಜೆ ಪಿಕಪ್ ಹೊತ್ತಿನಲ್ಲಿ. ಮಗಳ ಕೀ ಪರ್ಸನ್, ಅಂದರೆ ನರ್ಸರಿಯಲ್ಲಿ ಅವಳ ಜವಾಬ್ದಾರಿ ಹೊತ್ತವರು, ಅವಳ ಕೋಟಿನ ಜಿಪ್ ಎಳೆಯುತ್ತಿದ್ದರು. ಅವರ ಬೆರಳ ಗೆಣ್ಣುಗಳ ಮೇಲೆ ಚರ್ಮ ಒಡೆದು ಕೆಂಪಗಾಗಿತ್ತು, ಹೆಬ್ಬೆರಳಿಗೆ ಪ್ಲಾಸ್ಟರ್ ಸುತ್ತಿತ್ತು. ಪ್ರತಿ ನ್ಯಾಪಿ ಬದಲಾಯಿಸಿದ ಮೇಲೆ, ಪ್ರತಿ ಮೂಗು ಒರೆಸಿದ ಮೇಲೆ, ಊಟಕ್ಕೆ ಮುಂಚೆ, ಊಟ ಆದಮೇಲೆ ಕೈ ತೊಳೆಯಬೇಕು. ಅದರ ಮೇಲೆ ಈ ಡಿಸೆಂಬರ್ ಚಳಿ ಬೇರೆ. ಆ ವರ್ಷದಿಂದ ಹ್ಯಾಂಡ್ ಕ್ರೀಮ್ ನನ್ನ ಪಟ್ಟಿಯಲ್ಲಿ ಖಾಯಂ. ಪರಿಮಳ ಇಲ್ಲದ್ದು ನೋಡಿ ತೆಗೆದುಕೊಳ್ಳಿ, ಒಡೆದ ಚರ್ಮಕ್ಕೆ ಘಮಘಮ ಅನ್ನೋದು ಉರಿ ಬರಿಸುತ್ತದೆ. ಬೂಟ್ಸ್ ಅನ್ನೋ ಔಷಧಿ ಅಂಗಡಿಯಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಎರಡರ ದುಡ್ಡಿಗೆ ಮೂರು ಕೊಡುವ ಆಫರ್ ಹಾಕುತ್ತಾರೆ, ಅದನ್ನೂ ನೋಡಿ.

ಕೊನೆಯ ವರ್ಷದ ನನ್ನ ಲೆಕ್ಕ ಹೇಳುತ್ತೇನೆ. ಮಗಳನ್ನು ಹೆಚ್ಚು ನೋಡಿಕೊಂಡ ಇಬ್ಬರಿಗೆ ತಲಾ 3 ಪೌಂಡ್‌ನ ಕ್ರೀಮ್, ಜೊತೆಗೆ ಕಾಫಿ ಅಂಗಡಿಯ 5 ಪೌಂಡ್‌ನ ಗಿಫ್ಟ್ ಕಾರ್ಡ್. ಅಲ್ಲಿಗೆ 16. ಉಳಿದ ಎಲ್ಲರಿಗೂ ಸೇರಿಸಿ ಸ್ಟಾಫ್ ರೂಮಿಗೆ ಒಂದು ಬುಟ್ಟಿ. ಒಳ್ಳೆ ಟೀ ಬ್ಯಾಗು, ಕಾಫಿ ಪುಡಿ, ಎರಡು ಥರದ ಬಿಸ್ಕತ್ತು ಸೇರಿ 11 ಪೌಂಡ್. ಬುಟ್ಟಿ ಮನೆಯಲ್ಲೇ ಇತ್ತು. ಹತ್ತು ಸಣ್ಣ ಕಾರ್ಡುಗಳ ಪ್ಯಾಕೆಟ್ 1 ಪೌಂಡ್. ಒಟ್ಟು 28.

ಬುಟ್ಟಿಯಲ್ಲಿ ಇಡುವ ಕಾರ್ಡಿನಲ್ಲಿ ಅಡುಗೆಯವರ ಹೆಸರು, ಕ್ಲೀನಿಂಗ್‌ಗೆ ಬರುವವರ ಹೆಸರು, ಟ್ರೈನಿಂಗಿಗೆ ಬಂದ ಹುಡುಗಿಯ ಹೆಸರು ಎಲ್ಲವನ್ನೂ ಬರೆಯಿರಿ. ಮೊದಲ ವರ್ಷ ನಾನು ಅಡುಗೆಯವರನ್ನು ಮರೆತಿದ್ದೆ. ದಿನಾ ಮಧ್ಯಾಹ್ನ ನನ್ನ ಮಗಳಿಗೆ ಮಾಂಸ ಹಾಕದೆ ಬೇರೆಯಾಗಿ ಊಟ ಮಾಡಿಕೊಟ್ಟವರೇ ಅವರು. ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಬೇಡದ್ದರ ಬಗ್ಗೆ ಜಾಸ್ತಿ ಹೇಳಲ್ಲ. ಮಗ್ಗು ಮತ್ತು ಮೇಣದಬತ್ತಿ ಅವರಿಗೆ ರಾಶಿ ರಾಶಿ ಬಂದಿರುತ್ತವೆ. ವೈನ್ ಎಲ್ಲರೂ ಕುಡಿಯುವುದಿಲ್ಲ. ಜೆಲ್ಲಿ ಮಿಠಾಯಿಗಳಲ್ಲಿ ಎಷ್ಟೋ ಸಲ ಹಂದಿಯ ಜೆಲಟಿನ್ ಇರುತ್ತದೆ, ಮುಸ್ಲಿಂ ಸಿಬ್ಬಂದಿ ಇದ್ದರೆ, ಸಸ್ಯಾಹಾರಿಗಳಿದ್ದರೆ ತಿನ್ನಲ್ಲ. ಊರಿಂದ ಅತ್ತೆ ಕಳಿಸಿದ ಕೋಡುಬಳೆ ಕೊಡೋಣ ಅಂತ ನಿಮಗೂ ಅನಿಸಬಹುದು, ನನಗೂ ಅನಿಸಿತ್ತು. ಅದರಲ್ಲಿ ಕಡಲೆಕಾಯಿ ಪುಡಿ ಇತ್ತು, ನಮ್ಮ ನರ್ಸರಿಯೊಳಗೆ ಕಡಲೆಕಾಯಿ, ಗೋಡಂಬಿ ಯಾವುದನ್ನೂ ತರುವ ಹಾಗಿರಲಿಲ್ಲ. ಮನೆಯಲ್ಲಿ ಮಾಡಿದ ತಿಂಡಿ ಕೊಡುವುದಾದರೆ ಮೊದಲೇ ಕೇಳಿಕೊಳ್ಳಿ.

ಇನ್ನು ಕಾರ್ಡು. ನಿಜವಾದ ಉಡುಗೊರೆ ನನ್ನ ಪ್ರಕಾರ ಅದೇ. ಸುಮ್ನೆ "ಥ್ಯಾಂಕ್ ಯೂ ಫಾರ್ ಎವ್ರಿಥಿಂಗ್" ಅಂತ ಬರೆದು ಮುಗಿಸಬೇಡಿ. ಅವರು ಮಾಡಿದ ಒಂದೇ ಒಂದು ಕೆಲಸ ನೆನಪಿಸಿಕೊಂಡು ಅದನ್ನೇ ಬರೆಯಿರಿ. ಮಗಳು ಸೇರಿದ ಹೊಸದರಲ್ಲಿ ಅವಳಿಗೆ ಇಂಗ್ಲಿಷ್ ಕಿವಿಗೇ ಬಿದ್ದಿರಲಿಲ್ಲ. ಕೀ ಪರ್ಸನ್ ನನ್ನಿಂದ ಒಂದು ಚೀಟಿ ಬರೆಸಿಕೊಂಡರು. ನೀರು, ಹಾಲು, ಜೋಜೋ, ಅಮ್ಮ ಬರ್ತಾಳೆ. ಅದನ್ನು ಅವರ ಲಿಪಿಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡಿದ್ದರು. ಒಂದು ದಿನ ಬಾಗಿಲ ಹೊರಗೆ ನಿಂತಿದ್ದಾಗ ಒಳಗಿಂದ ಕೇಳಿಸಿತು. ಅಳುತ್ತಿದ್ದವಳನ್ನು ಎತ್ತಿಕೊಂಡು ಅವರು "ಅಮ್ಮಾ ಬರ್ತಾಲೆ, ಅಮ್ಮಾ ಬರ್ತಾಲೆ" ಅನ್ನುತ್ತಿದ್ದರು. ಳ ಬರುತ್ತಿರಲಿಲ್ಲ, ಆದರೂ ಮಗಳು ಸುಮ್ಮನಾದಳು. ಕಾರ್ಡಿನಲ್ಲಿ ನಾನು ಆ ದಿನದ ಬಗ್ಗೆ ನಾಲ್ಕು ಸಾಲು ಬರೆದೆ, ಕೆಳಗೆ ಮಗಳ ಅಂಗೈಗೆ ಬಣ್ಣ ಹಚ್ಚಿ ಒತ್ತಿಸಿದೆ. ಅವರು ಅಲ್ಲೇ ಕಾರಿಡಾರಿನಲ್ಲಿ ನಿಂತು ಓದಿದರು. ಮಾತಾಡಲಿಲ್ಲ, ನನ್ನನ್ನು ಅಪ್ಪಿಕೊಂಡರು. ಮುಂದಿನ ಬೇಸಿಗೆಯಲ್ಲಿ ನೋಡಿದರೆ ಆ ಕಾರ್ಡು ಅವರ ಲಾಕರ್ ಬಾಗಿಲ ಒಳಗಡೆ ಇತ್ತು.

ಅದೇ ನಾಲ್ಕು ಸಾಲನ್ನು ಮ್ಯಾನೇಜರ್‌ಗೂ ಇಮೇಲ್ ಮಾಡಿ, ಅವರ ಹೆಸರು ಹಾಕಿ. ಕಾಸು ಖರ್ಚಿಲ್ಲ. ಅವರ ಕೆಲಸದ ಬಗ್ಗೆ ಮೇಲಿನವರಿಗೆ ಒಳ್ಳೆ ಮಾತು ತಲುಪುತ್ತದೆ ಅಲ್ವಾ?

ಒಂದು ವಿಷಯ ಮಾತ್ರ ಮರೆಯಬೇಡಿ. ಕೊನೆಯ ದಿನದವರೆಗೆ ಕಾಯಬೇಡಿ. ಕೆಲವರು ವಾರಕ್ಕೆ ಮೂರೇ ದಿನ ಬರುತ್ತಾರೆ, ಕೆಲವರು ಮೊದಲೇ ರಜೆ ಹಾಕಿರುತ್ತಾರೆ, ನಿಮ್ಮ ಮಗನಿಗೇ ಜ್ವರ ಬರಬಹುದು. ಡಿಸೆಂಬರ್ ಎರಡನೇ ವಾರದಲ್ಲೇ ಕೊಟ್ಟುಬಿಡಿ. ಅಂಗೈ ಒತ್ತಿಸುವುದಿದ್ದರೆ ಹಿಂದಿನ ದಿನವೇ ಮಾಡಿಡಿ, ಬಣ್ಣ ಒಣಗಬೇಕಲ್ಲ.