ಕುಂಚದ ಕಬ್ಬಿಣದ ಕೈ: ಚಿತ್ರಕಲೆ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಮನೆಯಲ್ಲಿ ಹಳೆಯ ರಷ್ಯನ್ ಕತೆಗಳ ಪುಸ್ತಕವಿದೆ. ಒರಳಿನಲ್ಲಿ ನಿಂತು ಹಾರುವ ಮುದುಕಿಯ ಚಿತ್ರ ಅದರಲ್ಲಿದೆ. ಮೊದಲ ಪುಟಗಳು ಹರಿದುಹೋಗಿವೆ. ಚಿತ್ರ ಬರೆದವರು ಯಾರು? ಫೋಟೊ ಕಳುಹಿಸಿದ್ದೇನೆ.
– ಓದುಗರೊಬ್ಬರು, ಇಳಕಲ್

ಉತ್ತರ: ಚಿತ್ರದ ಕೆಳಗಿನ ಕೆಂಪು ಅಣಬೆಗಳನ್ನು ಕಂಡ ಕೂಡಲೇ ಹೆಸರು ನಾಲಿಗೆಗೆ ಬಂತು: ಇವಾನ್ ಬಿಲಿಬಿನ್. ಮುದುಕಿಯ ಹೆಸರು ಬಾಬಾ ಯಗಾ, ರಷ್ಯನ್ ಜನಪದ ಕತೆಗಳ ಮಾಟಗಾತಿ. ಒಂದು ಕೈಯಲ್ಲಿ ಒನಕೆ, ಇನ್ನೊಂದರಲ್ಲಿ ಪೊರಕೆ; ತಾನು ಹೋದ ಜಾಡನ್ನು ತಾನೇ ಗುಡಿಸಿ ಅಳಿಸುವವಳು. ‘ಸುಂದರಿ ವಸಿಲಿಸಾ’ ಕತೆಗಾಗಿ 1900ರಲ್ಲಿ ಬರೆದ ಚಿತ್ರವಿದು.

ಬಿಲಿಬಿನ್ ಹುಟ್ಟಿದ್ದು 1876ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್ ಸಮೀಪ. ಕಾಲೇಜಿನಲ್ಲಿ ಓದಿದ್ದು ಕಾನೂನು. ಚಿತ್ರಕಲೆಯನ್ನು ಮ್ಯೂನಿಕ್‌ನಲ್ಲಿ ಕೆಲಕಾಲ, ಆಮೇಲೆ ರಷ್ಯಾದ ಹೆಸರಾಂತ ಚಿತ್ರಕಾರ ಇಲ್ಯಾ ರೆಪಿನ್ ಬಳಿ ಕಲಿತ. 1899ರ ಬೇಸಿಗೆಯಲ್ಲಿ ತ್ವೇರ್ ಪ್ರಾಂತದ ಯೆಗ್ನಿ ಎಂಬ ಹಳ್ಳಿಗೆ ಹೋದವನಿಗೆ ಅಲ್ಲಿನ ಕಾಡು ಹುಚ್ಚು ಹಿಡಿಸಿತು. ‘ಸುಂದರಿ ವಸಿಲಿಸಾ’ದಂಥ ಕತೆ–ಚಿತ್ರಗಳನ್ನು ಪ್ರಕಟಿಸಿದ್ದು ರಷ್ಯಾದ ನೋಟುಗಳನ್ನು ಅಚ್ಚು ಹಾಕುತ್ತಿದ್ದ ಸರ್ಕಾರಿ ಮುದ್ರಣಾಲಯ. 1901ರಿಂದ 1903ರೊಳಗೆ ಆರು ಪುಸ್ತಕಗಳು ಬಂದವು. ಮಕ್ಕಳ ಪುಸ್ತಕಕ್ಕೆ ಇಷ್ಟು ಶ್ರದ್ಧೆಯ ಮುದ್ರಣ ಸಿಕ್ಕಿತಲ್ಲ ಎಂದು ನನಗೆ ಇವತ್ತಿಗೂ ಸಂತೋಷ.

ನೀವು ಚಿತ್ರದ ಅಂಚುಗಳನ್ನು ಬಿಟ್ಟು ಫೋಟೊ ತೆಗೆದಿದ್ದೀರಿ. ದಯವಿಟ್ಟು ಇಡೀ ಪುಟವನ್ನು ನೋಡಿ. ಬಿಲಿಬಿನ್‌ನ ಅರ್ಧ ಕತೆ ಇರುವುದೇ ಅಂಚಿನಲ್ಲಿ. 1902ರಿಂದ 1904ರವರೆಗೆ ಆತ ವೊಲೊಗ್ದಾ, ಒಲೊನೆಟ್ಸ್, ಅರ್ಖಾಂಗೆಲ್ಸ್ಕ್ ಸೀಮೆಗಳಲ್ಲಿ ತಿರುಗಿದ. ಹಳ್ಳಿಯ ಹೆಂಗಸರ ಕಸೂತಿ, ಮರದ ಚರ್ಚುಗಳು, ಉಡುಪುಗಳು ಎಲ್ಲವನ್ನೂ ಕಣ್ಣಾರೆ ನೋಡಿ, ಫೋಟೊ ತೆಗೆದು, ಸಂಗ್ರಹಿಸಿ ತಂದ. 1905ರ ‘ಸಾಲ್ತಾನ್ ದೊರೆ’ ಕತೆಯ ಚಿತ್ರಗಳಲ್ಲಿ ರಾಣಿಯರು ಉಟ್ಟಿದ್ದರ ಹಿಂದೆ ಈ ತಿರುಗಾಟವಿದೆ. ಅದರಲ್ಲಿ ಪೀಪಾಯಿಯನ್ನು ಎತ್ತಿ ಒಗೆಯುವ ಅಲೆಯಿದೆಯಲ್ಲ, ಅದು ಮಾತ್ರ ಜಪಾನಿನ ಚಿತ್ರಕಾರ ಹೊಕುಸಾಯಿಯನ್ನು ಮೆಚ್ಚಿ ಬರೆದದ್ದು.

ಪ್ರಶ್ನೆ: ಕ್ರಾಂತಿಯ ನಂತರ ಬಿಲಿಬಿನ್ ಏನಾದ?
– ಕಾಲೇಜು ವಿದ್ಯಾರ್ಥಿ, ಬಾದಾಮಿ

ಉತ್ತರ: 1917ರಲ್ಲಿ ತ್ಸಾರ್ ದೊರೆ ಇಳಿದ ಮೇಲೆ ಬಂದ ಹಂಗಾಮಿ ಸರ್ಕಾರಕ್ಕೆ ಕಿರೀಟವಿಲ್ಲದ ಎರಡು ತಲೆಯ ಹದ್ದನ್ನು ಬರೆದುಕೊಟ್ಟ, ಎಷ್ಟೋ ವರ್ಷಗಳ ನಂತರ ಅದು ರಷ್ಯಾದ ನಾಣ್ಯಗಳ ಮೇಲೆ ಬಂತು. ತಾನು ಮಾತ್ರ ಕ್ರಿಮಿಯಾಕ್ಕೆ ಹೋಗಿ, 1920ರಲ್ಲಿ ಈಜಿಪ್ಟ್ ಸೇರಿದ. 1925ರಿಂದ ಪ್ಯಾರಿಸ್. 1936ರಲ್ಲಿ ಲೆನಿನ್‌ಗ್ರಾಡ್‌ಗೆ (ಸೇಂಟ್ ಪೀಟರ್ಸ್‌ಬರ್ಗ್‌ನ ಅಂದಿನ ಹೆಸರು) ಮರಳಿ ಕಲಾ ಅಕಾಡೆಮಿಯಲ್ಲಿ ಪಾಠ ಹೇಳಿದ. ಜರ್ಮನ್ ಸೇನೆ ನಗರವನ್ನು ಮುತ್ತಿದಾಗಲೂ ಆತ ಊರು ಬಿಡಲಿಲ್ಲ. 1942ರ ಫೆಬ್ರುವರಿ 7ರಂದು ಹಸಿವಿನಿಂದ ಸತ್ತ. ಅಕಾಡೆಮಿಯ ಪ್ರಾಧ್ಯಾಪಕರ ಸಾಮೂಹಿಕ ಸಮಾಧಿಯಲ್ಲಿ ಆತನನ್ನು ಹೂಳಿದರು. ಪುಟದ ತುಂಬ ಹಬ್ಬದೂಟಗಳನ್ನು, ರಾಜರ ಔತಣಗಳನ್ನು ಬರೆದವನಿಗೆ ಇಂಥ ಸಾವು ಬಂದದ್ದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಪ್ರಶ್ನೆ: ನನ್ನ ಮಗಳು ಇಂಥ ಗೆರೆ ಎಳೆಯಲು ಪೆನ್ನು ಹಿಡಿದು ಒದ್ದಾಡುತ್ತಿದ್ದಾಳೆ. ಸುಲಭದ ದಾರಿ ಹೇಳಿ.
– ನೇಕಾರರೊಬ್ಬರು, ಗುಳೇದಗುಡ್ಡ

ಉತ್ತರ: ಸುಲಭದ ದಾರಿಯಿಲ್ಲ. ಆದರೆ ದಾರಿಯಿದೆ. ಬಿಲಿಬಿನ್ ಗೆರೆ ಎಳೆದದ್ದು ಪೆನ್ನಿನಿಂದಲ್ಲ, ಸಣ್ಣ ಕುಂಚದ ತುದಿಯನ್ನು ಓರೆಯಾಗಿ ಕತ್ತರಿಸಿ, ಅದರಿಂದ. ಆ ಗಟ್ಟಿತನ ಕಂಡೇ ಗೆಳೆಯರು ಆತನನ್ನು ‘ಕಬ್ಬಿಣದ ಕೈಯ ಇವಾನ್’ ಎಂದು ಕರೆದರು. ಮೊದಲು ಕರಡು. ಅದನ್ನು ಟ್ರೇಸಿಂಗ್ ಹಾಳೆಯ ಮೇಲೆ ಎಲ್ಲ ವಿವರಗಳೊಂದಿಗೆ ಸಿದ್ಧಮಾಡಿ ದಪ್ಪ ಹಾಳೆಗೆ ಇಳಿಸುತ್ತಿದ್ದ. ಆಮೇಲೆ ಶಾಯಿಯ ಗೆರೆ, ಕಡೆಗೆ ಜಲವರ್ಣ. ನೆರಳು–ಬೆಳಕಿನ ತಿದ್ದಾಟ ಬಹಳ ಕಡಿಮೆ. ಗೆರೆಯೊಳಗೆ ಬಣ್ಣ ಸಮನಾಗಿ ನಿಲ್ಲಬೇಕು, ಅಷ್ಟೇ.

ಮಗಳು ಬಾಬಾ ಯಗಾಳನ್ನು ನಕಲು ಮಾಡುವುದು ಬೇಡ. ನಿಮ್ಮ ಮಗ್ಗದ ಖಣ ಕಣ್ಣ ಮುಂದೆಯೇ ಇದೆ. ಅದರ ಬಳ್ಳಿಯನ್ನೋ ಬುಟ್ಟಾವನ್ನೋ ಅಂಗೈ ಅಗಲಕ್ಕೆ ಹಿಗ್ಗಿಸಿ ಕರಡು ಬರೆಯಲಿ. ಶಾಯಿ ನೀರಿಗೆ ಕರಗದಂಥದ್ದಿರಲಿ, ಇಲ್ಲದಿದ್ದರೆ ಬಣ್ಣ ತುಂಬುವಾಗ ಗೆರೆ ಕಲಸಿಹೋಗುತ್ತದೆ. ಗೆರೆ ಎಳೆದ ದಿನವೇ ಬಣ್ಣ ಹಾಕುವ ಆತುರ ಬೇಡ. ಬರೆದದ್ದನ್ನು ನನಗೆ ಕಳುಹಿಸಿ, ಅಂಚುಗಳ ಸಮೇತ.