ಓವನ್‌ಗೆ ಹೋದ ಪೆಟ್ ಕನೆಕ್ಟರ್ ಸೊಟ್ಟಗಾಗುವುದೇಕೆ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಸಣ್ಣ ಮೌಲ್ಡಿಂಗ್ ಘಟಕ. ಪಿಬಿಟಿ ಎಂಬ ಪ್ಲಾಸ್ಟಿಕ್‌ನಲ್ಲಿ ಮಾಡುತ್ತಿದ್ದ ಕನೆಕ್ಟರನ್ನು ಈಗ ಗ್ಲಾಸ್ ಫೈಬರ್ ಬೆರೆತ ಪೆಟ್‌ನಲ್ಲಿ (ನೀರಿನ ಬಾಟಲಿಯ ಪ್ಲಾಸ್ಟಿಕ್) ಮಾಡುತ್ತಿದ್ದೇವೆ. ಇಲ್ಲಿ ಅಳತೆ ಸರಿಯಿರುತ್ತದೆ, ಗಿರಾಕಿಯ 150 ಡಿಗ್ರಿ ಓವನ್‌ನಲ್ಲಿ ಕುಗ್ಗಿ ಸೊಟ್ಟಗಾಗುತ್ತದೆ. ಮೌಲ್ಡ್ ಬಿಸಿ 85 ಡಿಗ್ರಿ. ಟಾಲ್ಕ್ (ಟಾಲ್ಕಂ ಪೌಡರ್‌ನ ಖನಿಜ) ಬೆರೆಸಿದರೆ ಸಾಕೇ?

ಉತ್ತರ: ಟಾಲ್ಕ್ ಒಂದರಿಂದಲೇ ಆಗುವ ಕೆಲಸವಲ್ಲ. ನಿಮ್ಮ ಮೌಲ್ಡ್‌ನಲ್ಲಿ ಪೆಟ್ ಅರ್ಧಂಬರ್ಧ ಹರಳುಗಟ್ಟಿ, ಅಂದರೆ ಅದರ ಅಣುಗಳು ಪೂರ್ತಿ ಒತ್ತಾಗಿ ಸಾಲುಗೂಡುವ ಮೊದಲೇ, ಹೊರಬರುತ್ತಿದೆ. ಉಳಿದದ್ದು ಗಿರಾಕಿಯ ಓವನ್‌ನಲ್ಲಿ ಹರಳುಗಟ್ಟುತ್ತದೆ, ಆಗ ಭಾಗ ಕುಗ್ಗುತ್ತದೆ. ಅನುಮಾನವಿದ್ದರೆ ಮೌಲ್ಡ್‌ನ ಗೋಡೆಗೆ ತಾಗಿದ್ದ ಹೊರಪದರದ ಚೂರನ್ನು ಡಿಎಸ್‌ಸಿ ಪರೀಕ್ಷೆಗೆ (ಬಿಸಿಯಾಗುವಾಗ ಚೂರು ಹೀರುವ, ಬಿಡುವ ಶಾಖವನ್ನು ಅಳೆಯುವ ಪರೀಕ್ಷೆ) ಕಳಿಸಿ. ಬಿಸಿ ಮಾಡುವಾಗ 120-130 ಡಿಗ್ರಿಯ ಹತ್ತಿರ ಗ್ರಾಫ್‌ನಲ್ಲಿ ಶಾಖ ಹೊರಬಿಡುವ ದಿಬ್ಬ ಕಂಡರೆ ಹರಳುಗಟ್ಟುವ ಕೆಲಸ ಬಾಕಿ ಇದೆ ಎಂದೇ ಅರ್ಥ.

ಪೆಟ್ ಅತಿ ವೇಗವಾಗಿ ಹರಳುಗಟ್ಟುವುದು ಸುಮಾರು 180 ಡಿಗ್ರಿಯಲ್ಲಿ. 75-80ಕ್ಕಿಂತ ಕೆಳಗೆ ಅದರ ಸರಪಳಿಗಳು (ಉದ್ದನೆಯ ಅಣುಗಳು) ಅಲುಗಾಡುವುದೇ ಇಲ್ಲ. ನಿಮ್ಮ 85 ಅದರ ಅಂಚಿನಲ್ಲೇ ಇದೆ. ಪಿಬಿಟಿಯ ಸರಪಳಿ ಹೆಚ್ಚು ಬಳುಕುವಂಥದ್ದು, ಹಾಗಾಗಿ ಅದಕ್ಕೆ ಈ ಮೌಲ್ಡ್ ಸಾಕಾಗಿತ್ತು.

ಟಾಲ್ಕ್‌ನ ಪಾತ್ರ ಕಲ್ಲುಸಕ್ಕರೆಯ ಪಾಕಕ್ಕೆ ಇಳಿಬಿಟ್ಟ ದಾರದ್ದು: ಹರಳು ಹುಟ್ಟಲು ಒಂದು ನೆಲೆ. ಶೇ 1ಕ್ಕಿಂತ ಕಡಿಮೆ ಹಾಕಿದರೂ ಪರಿಣಾಮ ಕಾಣುತ್ತದೆ. ಇದಕ್ಕಿಂತ ಚುರುಕಾದದ್ದು ಸೋಡಿಯಂ ಬೆಂಜೊಯೇಟ್. ಹೌದು, ಉಪ್ಪಿನಕಾಯಿ ಕೆಡದಿರಲೆಂದು ಹಾಕುತ್ತಾರಲ್ಲ, ಅದೇ. ಆದರೆ ಇದು ಸುಮ್ಮನೆ ಕೂರುವ ಪುಡಿಯಲ್ಲ. ಕರಗಿದ ಪೆಟ್‌ನ ಸರಪಳಿಯ ಕೊಂಡಿಯಾದ ಎಸ್ಟರ್ ಬಂಧವನ್ನೇ ಕತ್ತರಿಸಿ, ತುಂಡಾದ ಸರಪಳಿಯ ತುದಿಗೆ ಸೋಡಿಯಂ ಕಾರ್ಬಾಕ್ಸಿಲೇಟ್ ಎಂಬ ಲವಣದ ಗುಂಪನ್ನು ಕೂರಿಸುತ್ತದೆ. ಹರಳಿಗೆ ಬೀಜವಾಗುವುದು ಈ ತುದಿಗಳೇ. ಅಂದರೆ ನೀವು ವೇಗವನ್ನು ಕೊಳ್ಳುತ್ತಿರುವುದು ಸರಪಳಿಯ ಉದ್ದವನ್ನು ಕೊಟ್ಟು. ಪ್ರಮಾಣ ಮೀರಿದರೆ ಕನೆಕ್ಟರ್‌ನ ಕೊಕ್ಕೆ ಪಟಕ್ಕನೆ ಮುರಿಯುತ್ತದೆ. ಶಾಪ್‌ನಲ್ಲೇ ಬಕೆಟ್‌ನಲ್ಲಿ ಕಲಸುವ ಸಾಹಸ ಬೇಡ.

ಇಷ್ಟಾದರೂ ತಣ್ಣನೆಯ ಮೌಲ್ಡ್‌ನಲ್ಲಿ ಬೀಜವಿದ್ದು ಏನು ಬಂತು? ಸರಪಳಿ ಅದರ ಬಳಿಗೆ ಬರಬೇಕಲ್ಲ. ಅದಕ್ಕೇ ಪಾಲಿಎಥಿಲೀನ್ ಗ್ಲೈಕಾಲ್‌ನ ಎಸ್ಟರ್‌ನಂಥ ಪ್ಲಾಸ್ಟಿಸೈಸರನ್ನೂ (ಮೆದುಗೊಳಿಸುವ ವಸ್ತು) ಜೊತೆಗೆ ಸೇರಿಸುತ್ತಾರೆ. ಅದು ಸರಪಳಿಗಳನ್ನು ಸಡಿಲಿಸಿ, ಕಡಿಮೆ ಬಿಸಿಯಲ್ಲೂ ಚಲಿಸುವಂತೆ ಮಾಡುತ್ತದೆ.

ನನ್ನ ಸಲಹೆ: ಮೊದಲು ಆಯಿಲ್ ಹೀಟರ್ ಹಾಕಿ, ಮೌಲ್ಡನ್ನು 130 ಡಿಗ್ರಿಗೆ ಏರಿಸಿ ಒಂದು ಟ್ರಯಲ್ ತೆಗೆಯಿರಿ. ಸೊಟ್ಟಗಾಗುವುದು ನಿಂತರೆ ಕಾರಣ ಖಚಿತವಾಯಿತು. ಆ ಖರ್ಚು ಹೊರೆಯೆನಿಸಿದರೆ, ಹರಳಿನ ಬೀಜ, ಪ್ಲಾಸ್ಟಿಸೈಸರ್ ಎರಡೂ ಸೇರಿಸಿದ ‘ಕಡಿಮೆ ಮೌಲ್ಡ್ ತಾಪಮಾನ’ದ ಗ್ರೇಡನ್ನೇ ಕಾಂಪೌಂಡರ್ (ಪ್ಲಾಸ್ಟಿಕ್‌ಗೆ ಇವನ್ನೆಲ್ಲ ಬೆರೆಸಿ ಮಾರುವವರು) ಬಳಿ ಕೇಳಿ. ಯಾವುದನ್ನು ಬಳಸಿದರೂ ಗ್ರಾನ್ಯೂಲ್‌ನ ತೇವಾಂಶ ಶೇ 0.02 ದಾಟದಂತೆ ಒಣಗಿಸಿ. ಹಸಿ ಪೆಟ್‌ನ ಸರಪಳಿಯನ್ನು ನೀರೂ ಕತ್ತರಿಸುತ್ತದೆ.