ಸ್ತ್ರೀವಾದಿ ಅಂದರೆ ನಗುತ್ತಾರೆ

ಪ್ರಶ್ನೆ: ಮೇಡಂ, ನಾನು ಹಾಸನದಲ್ಲಿ ಎರಡನೇ ವರ್ಷದ ಬಿ.ಎ. ಓದುತ್ತಿದ್ದೇನೆ. ಲೈಬ್ರರಿ ರಾತ್ರಿ ಎಂಟರವರೆಗೆ ತೆರೆದಿರುತ್ತದೆ, ನಮ್ಮ ಹಾಸ್ಟೆಲ್ ಗೇಟು ಆರೂವರೆಗೇ ಬೀಗ. ಹುಡುಗರಿಗೆ ಒಂಬತ್ತರವರೆಗೂ ಬಿಡುತ್ತಾರೆ. ಇದನ್ನು ಕೇಳಿದಾಗ 'ನಾನು ಸ್ತ್ರೀವಾದಿ' ಅಂದುಬಿಟ್ಟೆ. ಕ್ಲಾಸೆಲ್ಲ ನಕ್ಕಿತು. 'ಗಂಡಸರನ್ನು ಕಂಡರಾಗಲ್ವಾ?' ಅಂತ ಸೋದರಮಾವನೂ ಕೇಳಿದರು. ಆ ಪದ ಬಿಟ್ಟುಬಿಡಲಾ?

ಉತ್ತರ: ಬಿಡಬೇಡ ಮಗಳೇ. ನನ್ನ ಅವ್ವ ಎಲ್ಲರೂ ಉಂಡೆದ್ದ ಮೇಲೆ, ಒಲೆ ಪಕ್ಕ ಕೂತು ಅಂಚು ಸೀದ ಕೊನೆಯ ರೊಟ್ಟಿ ತಿನ್ನುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು, ಅದಕ್ಕೊಂದು ಹೆಸರಿದೆ ಅಂತ ಗೊತ್ತಿರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾಗಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂತು. ಆಮೇಲೆ ನನ್ನ ತಮ್ಮ, ನನ್ನ ಪಾಲು ಬಿಟ್ಟುಕೊಟ್ಟೆ ಅಂತ ಬರೆದ ಹಕ್ಕು ಬಿಡುಗಡೆ ಪತ್ರ ತಂದು 'ಅಕ್ಕಾ, ಇಲ್ಲೊಂದು ಸಹಿ' ಅಂದ. ಕೈ ನಡುಗಿತು, ಆದರೂ ಪೆನ್ನು ಕೆಳಗಿಟ್ಟೆ. ಎರಡು ವರ್ಷ ಮಾತಿರಲಿಲ್ಲ. ಈಗ ಮೊಮ್ಮಕ್ಕಳ ನಾಮಕರಣಕ್ಕೆ ಅವನೇ ಮೊದಲು ಬರುತ್ತಾನೆ. ನಾನು ದ್ವೇಷಿಸಿದ್ದು ಅವನನ್ನಲ್ಲ, ಆ ಕಾಗದವನ್ನು. ಮಾವನಿಗೆ ಇದನ್ನೇ ಹೇಳು.

ಇನ್ನು ಗೇಟಿನ ವಿಷಯ. ಹಾಸ್ಟೆಲ್ಲಿನ ಹುಡುಗಿಯರ ಸಹಿ ಹಾಕಿಸಿ ಪ್ರಾಂಶುಪಾಲರಿಗೆ ಅರ್ಜಿ ಕೊಡಿ. ಒಂದು ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡ. ಏನಾಯಿತೆಂದು ನನಗೆ ಬರೆ.